ಇಪ್ಪತ್ತಮೂರನೇ ಚೂರು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ
ನಲವತ್ತು ವರ್ಷ ಊರವರ ಪಟಗಳಿಗೆ ಗಾಜು ಕೊಯ್ದ ಇನ್ನಾಸಪ್ಪ,
ನನ್ನ ತಾತ,
ಅಂಗಡಿ ಮುಚ್ಚಿದ ಮೇಲೆ ಶುರು ಮಾಡಿದ್ದು ಇದೊಂದೇ ಕಿಟಕಿ.
ಬಾವಿಕಟ್ಟೆಯ ಬಳಿ ಸಮಾರ್ಯದ ಹೆಂಗಸು,
ಸೊಂಟದಲ್ಲಿ ನಮ್ಮನೆಯದೇ ತಗ್ಗು ಬಿದ್ದ ಹಿತ್ತಾಳೆ ಕೊಡ.
ಯೇಸುವಿಗೆ ಮುಖ ಬಂದಿತ್ತು, ಕೈ ಬಂದಿರಲಿಲ್ಲ.
ಯಾವ ಚರ್ಚಿಗೆ ಅಂತ ಯಾರೂ ಕೇಳಿರಲಿಲ್ಲ.

ನಕ್ಷೆಯ ಹಾಳೆಯಲ್ಲಿ ಪ್ರತಿ ಚೂರಿಗೂ ಒಂದು ಅಂಕಿ,
ಅಂಕಿಯ ಪಕ್ಕ ಬಣ್ಣ.
ನೀಲಿ, ಹಸಿರು ಅಂತ ಬರೆಯುವ ಆಸಾಮಿಯಲ್ಲ:
ಏಳು, ಆಲೂಗಡ್ಡೆ ಹೂ.
ಹನ್ನೊಂದು, ಜೂನ್ ತಿಂಗಳ ಹೇಮಾವತಿ.
ಹದಿನಾರು, ಲಾರಿಯ ಹಿಂದಿನ ದೀಪ, ಹಳೇದು, ಪ್ಲಾಸ್ಟಿಕ್ ಅಲ್ಲ.
ಇಪ್ಪತ್ತಮೂರು, ಕೊಡದ ಬಾಯಲ್ಲಿ ತುಳುಕುವ ಜಾಗ:
ಅದೇ.

ಅದೇ ಅಂದರೆ ಇಪ್ಪತ್ತೆರಡೇ? ಅದು ಸೆರಗು, ಕೆಂಪು.
ಕೊಡದಲ್ಲಿ ಕೆಂಪೇ?

ನಾನು ಜಿಲ್ಲಾಸ್ಪತ್ರೆಯ ಲ್ಯಾಬಿನವಳು.
ಗಾಜಿಗೆ ಬಣ್ಣ ಹಾಕುವುದು ನನಗೂ ಗೊತ್ತು, ಕಫಕ್ಕೆ ಹಾಕುವ ಬಣ್ಣ.
ಆರು ಭಾನುವಾರ ಪೂಜೆ ಮುಗಿಸಿ ಬಂದು ಅವನ ಡೈಮಂಡ್ ಹಿಡಿದೆ.
ಸೀಮೆಣ್ಣೆಯಲ್ಲಿ ಅದ್ದಿ ಎಳೆದರೆ ಸಣ್ಣ ಸದ್ದು,
ರೇಷ್ಮೆ ಸೀರೆಗೆ ಮೊಳೆ ತಾಗಿದ ಹಾಗೆ.
ಐದರಲ್ಲಿ ಎರಡು ನಾನು ಹೇಳಿದ ಕಡೆ ಮುರಿದವು.
ಯೇಸುವಿಗೆ ಕೈ ಬಂತು. ಹೆಬ್ಬೆರಳು ಸ್ವಲ್ಪ ದಪ್ಪ.

ನನ್ನ ಸೀಸದ ಪಟ್ಟಿ ಕೂರದೆ
ತಾತ ಕೂರಿಸಿದ್ದನ್ನೂ ಬಿಚ್ಚಬೇಕಾಯಿತು.
ಒಳಗೆ ಇಲಿ ಕಡಿದಂಥ ಅಂಚುಗಳು,
ಒಂದು ಕಡೆ ಗಾಜು ಸಾಲದ್ದಕ್ಕೆ ಬೆಂಕಿಪೊಟ್ಟಣದ ರಟ್ಟು.
ಮೇಲೆ ಸೀಸ ಹೊದಿಸಿ ನೆಟ್ಟಗಿದೆ ಅಂತ ನಂಬಿಸಿದ್ದಾನೆ ಮುದುಕ!
ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ.
ಒಳಗಿಂದ ಅಜ್ಜಿ, "ಯಾರು ಬಂದ್ರು?" ಅಂದಳು.

ಇಪ್ಪತ್ತಮೂರು ಮಾತ್ರ ಹಾಗೇ ಉಳಿಯಿತು.
ಲೂರ್ದಮ್ಮ ಅವರೆಕಾಯಿ ಸುಲಿಯುತ್ತ ಹೇಳಿದಳು:
"ಅದು ಬಣ್ಣ ಅಲ್ಲ ಕಣೇ.
ಕಡೇ ವರ್ಷ ಅವ್ರಿಗೆ ಮಾತು ಸಿಕ್ತಿರ್ಲಿಲ್ಲ.
ಉಪ್ಪು ಬೇಕಂದ್ರೂ ಅದೇ ಕೊಡು, ಟವಲ್ಲಿಗೂ ಅದೇ.
ರಾತ್ರಿ ಎದ್ದು ಕೂತ್ಕೊಂಡು ಅದೇ, ಅದೇ ಅನ್ನೋರು.
ಚೊಂಬು ಹಿಡೀತಿದ್ದೆ. ಕುಡಿದು ಮಲಗೋರು."

ನಕ್ಷೆ ತಂದು ಬೆಳಕಿಗೆ ಹಿಡಿದೆ.
ಅಲ್ಲಿ ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗಿತ್ತು.
ನೀರು ಅನ್ನುವ ಎರಡಕ್ಷರಕ್ಕೆ
ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ಕೂತಿದ್ದನೋ.

ನೀಲಿ ಸೀಸೆಯ ತಳ ತೋರಿಸಿದೆ. ಗೋಲಿಸೋಡಾ ಚೂರು. ಬಳೆ ಓಡು.
ಎಲ್ಲಕ್ಕೂ ಅಜ್ಜಿ ಅಡ್ಡಡ್ಡ ತಲೆಯಾಡಿಸಿದಳು.
"ನಮ್ಮ ನಲ್ಲೀಲಿ ನೀಲಿ ನೀರು ಯಾವತ್ತು ಬಂತು?"
ಆಮೇಲೆ ಅವಳೇ ಎದ್ದು
ಗೋಡೆಯಿಂದ ತಾತನನ್ನು ಇಳಿಸಿದಳು.
ಎಪ್ಪತ್ತು ತುಂಬಿದಾಗ ತನ್ನ ಪಟಕ್ಕೆ ತಾನೇ ಕೊಯ್ದು ಕೂರಿಸಿದ ಗಾಜು,
ಮೂಲೆಯಲ್ಲೊಂದು ಗುಳ್ಳೆ,
ಅಂಚಿನಿಂದ ನೋಡಿದರೆ ಮಾತ್ರ ಹಸಿರು.

"ಮುಖದ ಮೇಲೆ ದೂಳು ಕೂರತ್ತೆ ಅಜ್ಜಿ."
"ನಾನಿಲ್ವಾ, ಒರೆಸ್ತೀನಿ. ತಗೋ."

ಮೊದಲ ಗೆರೆಗೇ ಮುರಿಯಿತು. ಹೇಳಿದ ಕಡೆಯೇ.
ಗುಳ್ಳೆ ಕೊಡದೊಳಕ್ಕೆ ಬಂತು.

ಪುಟ್ಟಿ ಒಣಗಲು ವಾರ ಹಿಡಿಯಿತು.
ಅಡುಗೆಮನೆಯ ಕಿಟಕಿಗೆ ಆನಿಸಿ ನಿಲ್ಲಿಸಿದರೆ ಅಳತೆ ಸರಿಯಾಗಿತ್ತು,
ಮೊದಲೇ ಅಳೆದ ಹಾಗೆ.
ಸಿಮೆಂಟ್ ನೆಲದ ಮೇಲೆ ಆಲೂಗಡ್ಡೆ ಹೂ, ಹೇಮಾವತಿ, ಲಾರಿ ದೀಪ,
ನಡುವೆ ಒಂದು ಕಡೆ ಬರೀ ಬಿಸಿಲು.
ಅಜ್ಜಿ ಅದರ ಮೇಲೆ ಕಾಲಿಟ್ಟು ನಿಂತು
"ಅದೇ" ಅಂದಳು, ಕೈ ಚಾಚಿ.

ಕನ್ನಡಕ ಎತ್ತಿಕೊಟ್ಟೆ. ಅಲ್ಲ ಅಂದಳು.
ಚೊಂಬು ತಂದುಕೊಟ್ಟೆ.
ತುಟಿಗೆ ತಾಗಿಸದೆ, ತಲೆಯೆತ್ತಿ, ಕುಡಿದಳು.